ವೆಬ್‌ಸೈಟಿನಲ್ಲಿ ಉಳಿದ ನಂಬರು

ಹಾವೇರಿಯಲ್ಲಿ, ವಿದ್ಯಾರ್ಥಿಗಳ ಹಾಸ್ಟೆಲ್ ನಡೆಸುವ ಇಲಾಖೆಯೊಂದರಲ್ಲಿ ಶಂಕ್ರಪ್ಪ ಮ್ಯಾನೇಜರ್ ಆಗಿದ್ದಾಗ ವೆಬ್‌ಸೈಟಿನ ಉಸ್ತುವಾರಿಯೂ ಅವನ ಕೊರಳಿಗೇ ಬಿದ್ದಿತ್ತು. ಕಚೇರಿಯ ಫೋನು ಸದಾ ಸತ್ತಿರುತ್ತಿತ್ತೆಂದು ಆ ಪುಣ್ಯಾತ್ಮ ಬ್ಯಾಡಗಿಯ ತನ್ನ ಮನೆಯ ನಂಬರನ್ನೇ ಅದರಲ್ಲಿ ಹಾಕಿಸಿದ. ಅವನು ನಿವೃತ್ತನಾದ, ನಂಬರು ಅಲ್ಲೇ ಉಳಿಯಿತು.

ತೆಗೆಸಲು ಒಮ್ಮೆ ಹೋಗಿದ್ದ. "ನಾವು ಹಾಕೋರಷ್ಟರಿ, ಏನು ಹಾಕಬೇಕಂತ ನಿಮ್ಮ ಇಲಾಖೆ ಹೇಳಬೇಕು," ಎಂದರು ಕಂಪ್ಯೂಟರಿನವರು. ಇಲಾಖೆಯವರು ಕಂಪ್ಯೂಟರಿನವರತ್ತ ಕೈ ತೋರಿಸಿದರು. ಒಟ್ಟಿನಲ್ಲಿ ಹೇಳುವವರಿಲ್ಲ, ಕೇಳುವವರಿಲ್ಲ. ಶಂಕ್ರಪ್ಪನೂ ಜಗ್ಗಾಡಲಿಲ್ಲ. ನಿಜ ಹೇಳಬೇಕೆಂದರೆ, ಫೋನಿನಲ್ಲಿ ಯಾರಾದರೂ 'ಸಾಹೇಬ್ರ' ಅಂದರೆ ಅವನಿಗೆ ಇನ್ನೂ ಹಿತವಾಗುತ್ತಿತ್ತು.

"ರಿಟೈರ್ ಆಗೇನಿ ಅನ್ನಾಕ ಬಾಯಿ ಬರೂದಿಲ್ಲೇನ್ರಿ?" ಎಂದು ಹೆಂಡತಿ ಮಂಗಳವ್ವ ನಗುತ್ತಿದ್ದಳು.

ಕದರಮಂಡಲಗಿಯಿಂದ ಫೋನ್ ಮಾಡಿದ ಮುಮ್ತಾಜಬಿಗೂ ಅವನು ಅದನ್ನು ಹೇಳಲಿಲ್ಲ. ಅವಳ ಮಗಳು ನಸ್ರೀನ್‌ಗೆ ಹಾವೇರಿಯ ಕಾಲೇಜು ಸಿಕ್ಕಿತ್ತು. ಹಾಸ್ಟೆಲ್ ಸಿಕ್ಕರಷ್ಟೇ ಓದು. ವೆಬ್‌ಸೈಟಿನಲ್ಲಿ ಹಿಂದಿನ ವರ್ಷದ ತಾರೀಖೇ ಇದ್ದುದರಿಂದ, ಅರ್ಜಿಗೆ ಕೊನೆಯ ದಿನ ಯಾವುದೆಂದು ತಾಯಿ ಕೇಳಿದ್ದಳು.

"ವಿಚಾರಿಸಿ ಹೇಳ್ತೇನವ್ವ, ಚಿಂತಿ ಮಾಡಬ್ಯಾಡ," ಎಂದ, ಸರ್ವಿಸಿನುದ್ದಕ್ಕೂ ಹೇಳುತ್ತ ಬಂದ ಹಾಗೆಯೇ. ಆಮೇಲೆ ಮರೆತ.

ಎರಡು ವಾರದ ಮೇಲೆ ಅವಳ ಫೋನು ಮತ್ತೆ ಬಂದಾಗಲೇ ಅವನಿಗೆ ನೆನಪಾದದ್ದು. ಸಿಕ್ಕ ಬಸ್ಸು ಹತ್ತಿ ಹಾವೇರಿಗೆ ಓಡಿದ. ಕೊನೆಯ ದಿನ ಕಳೆದು ಹಾಸ್ಟೆಲ್ಲಿನ ಸೀಟೆಲ್ಲ ತುಂಬಿದ್ದವು.

"ಹೋದ ವಾರ ಒಂದು ಮಾತು ಹೇಳಿದ್ರ ಆಗ್ತಿತ್ತಲ್ರಿ, ಸರ್," ಎಂದ ಗುಮಾಸ್ತ ಚೇತನಕುಮಾರ.

"ವೆಬ್‌ಸೈಟಿನ್ಯಾಗ ಹಳೇ ತಾರೀಖು ಐತಲ್ಲೋ. ಈಗ ಅದನ್ನ ನೋಡ್ಕೊಳ್ಳೋರು ಯಾರು?"

"ನಿಮ್ಮ ನಂತರ ಯಾರಿಗೂ ವಹಿಸಿಲ್ರಿ. ಫೋನ್ ಮಾಡಿದೋರಿಗೆ ನೀವು ಹೇಳ್ತೀರಲ್ಲ ಅಂತ ನಾವೂ ಸುಮ್ನಿದ್ವಿ."

ಸಿಟ್ಟು ಮಾಡಿಕೊಳ್ಳಲು ಬೇರೆ ಯಾರೂ ಉಳಿದಿರಲಿಲ್ಲ. ಒಂದು ಹುಡುಗಿಯ ಓದನ್ನು ತನ್ನ ಬಡಿವಾರ ತಿಂದಿತಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ಮನೆಗೆ ಬಂದವನೇ ಮುಮ್ತಾಜಬಿಗೆ ಫೋನ್ ಹಚ್ಚಿದ. "ಸೀಟು ಇಲ್ಲವ್ವ. ತಪ್ಪು ನಂದು."

"ಇರ್ಲಿ ಬಿಡ್ರಿ ಸಾಹೇಬ್ರ. ನಾಳೆಯಿಂದ ಅಕಿನೂ ನನ್ನ ಕೂಡ ಮೆಣಸಿನಕಾಯಿ ತೊಟ್ಟು ಬಿಡಸೋ ಕೂಲಿಗೆ ಬ್ಯಾಡಗಿಗೆ ಬರ್ತಾಳ. ಬರೋ ವರ್ಷ ಮೊದಲ ನಿಮಗ ಫೋನ್ ಮಾಡ್ತೇನ್ರಿ. ಆ ಆಫೀಸಿನ್ಯಾಗ ಫೋನ್ ಎತ್ತೋರು ನೀವೊಬ್ಬರ."

"ನಾನು ಆ ಆಫೀಸಿನ್ಯಾಗ ಇಲ್ಲವ್ವ. ರಿಟೈರ್ ಆಗೇನಿ."

ಅಷ್ಟರಲ್ಲಿ ಅವಳು ಫೋನ್ ಇಟ್ಟಾಗಿತ್ತು. ಆ ಮಾತು ಕೇಳಿಸಿದ್ದು ಮಂಗಳವ್ವನಿಗೆ ಮಾತ್ರ. ಈ ಸಲ ಅವಳು ನಗಲಿಲ್ಲ.