ತೋರಿಸದ ಮನೆ

ನಾನೊಂದು ಪರೀಕ್ಷೆ ಪ್ಯಾಡು. ಹುಟ್ಟಿನಲ್ಲಿ ಮರದ ಹೊಟ್ಟು. ಯಾವ ಮರ, ಯಾವ ಕಾಡು ಎಂದು ಕೇಳಬೇಡಿ. ನೀರಿನಲ್ಲಿ ನೆನೆಸಿ, ಕಬ್ಬಿಣದ ಎರಡು ಹಲಗೆಗಳ ನಡುವೆ ಬಿಸಿಬಿಸಿಯಾಗಿ ಅದುಮಿ ತೆಗೆದರೆ ಯಾರಿಗೂ ಹಿಂದಿನದು ನೆನಪಿರುವುದಿಲ್ಲ. ನನ್ನ ಮುಖ ನುಣುಪು, ಬೆನ್ನು ಗೋಣಿಚೀಲದ ಹಾಗೆ ಒರಟು. ತಲೆಗೆ ಉಕ್ಕಿನ ಕ್ಲಿಪ್ಪು ಬಡಿದರು. ಅದರ ಹಿಡಿತ ಎಂಥದೆಂದರೆ, ನನ್ನನ್ನು ಬಳಸಿದವರೆಲ್ಲ ಒಮ್ಮೆಯಾದರೂ ಬೆರಳು ಸಿಕ್ಕಿಸಿಕೊಂಡು ಊದಿಕೊಂಡವರೇ. ಆ ಒಂದು ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ, ಮುಚ್ಚಿಡುವುದಿಲ್ಲ.

ನನ್ನ ಮೊದಲ ಒಡತಿ ಸುನಂದಾ. ಹತ್ತನೇ ತರಗತಿಯ ಪರೀಕ್ಷೆಗೆಂದು ಅವಳಪ್ಪ ಬಸ್ ನಿಲ್ದಾಣದ ಎದುರಿನ ಅಂಗಡಿಯಿಂದ ನನ್ನನ್ನು ತಂದುಕೊಟ್ಟರು. ಅವಳು ಮೊದಲು ಮಾಡಿದ ಕೆಲಸವೆಂದರೆ ಕೈವಾರದ ಮೊನೆಯಿಂದ ನನ್ನ ಬೆನ್ನ ಮೇಲೆ ತನ್ನ ಹೆಸರು ಕೆತ್ತಿದ್ದು. ನೋವಾಯಿತು, ಆದರೆ ಹೆಸರಿಲ್ಲದ ಪ್ಯಾಡು ಪರೀಕ್ಷೆಯ ಕೋಣೆಯಲ್ಲಿ ಯಾರ ಪಾಲಾಗುತ್ತದೋ ಎಂದು ಸಮಾಧಾನ ಮಾಡಿಕೊಂಡೆ. ಅವಳದು ಒತ್ತಿ ಬರೆಯುವ ಕೈ. ಒಂದೇ ಹಾಳೆ ಇಟ್ಟು ಬರೆದರೆ ಅಕ್ಷರದ ಗುರುತು ನನ್ನ ಮೈಗೆ ಇಳಿಯುತ್ತಿತ್ತು. ನಾನು ಓದಲು ಕಲಿತದ್ದು ಹಾಗೆ, ಕಣ್ಣಿನಿಂದಲ್ಲ, ಮೈಯಿಂದ. ಅವಳು ಪಾಸಾದಳು, ಮುಂದೆ ನರ್ಸಿಂಗ್ ಓದಲು ಹೋದಳು. ನಾನು ಅವಳಪ್ಪನ ಕೈಗೆ ಬಂದೆ.

ಅಪ್ಪ ಅಂದರೆ ಸೋಮಪ್ಪ ಹುಲಕೋಟಿ, ಪೊಲೀಸ್ ಠಾಣೆಯಲ್ಲಿ ಹವಾಲ್ದಾರರು. ಯಾವ ಊರಿನ ಠಾಣೆ ಎಂದು ನನಗೆ ಗೊತ್ತು, ಎಷ್ಟೋ ಸಲ ನನ್ನ ಮೇಲೇ ಬರೆದಿದ್ದಾರೆ. ಆದರೂ ಹೇಳುವುದಿಲ್ಲ. ಮಗಳಿಗೆ ಆ ಒತ್ತುವ ಕೈ ಎಲ್ಲಿಂದ ಬಂದಿತ್ತು ಎಂಬುದು ಅವರು ಮೊದಲ ಸಾಲು ಬರೆದಾಗಲೇ ತಿಳಿಯಿತು.

ಪೊಲೀಸ್ ಕೆಲಸಕ್ಕೆ ಆಯ್ಕೆಯಾದವರ ಓಟ, ಎತ್ತರ, ಎದೆಯಳತೆ, ಲಿಖಿತ ಪರೀಕ್ಷೆ ಎಲ್ಲ ಮುಗಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಈ ಮನುಷ್ಯ ಎಂಥವನು ಎಂದು ಅವನ ಓಣಿಯಲ್ಲಿ ಕೇಳಿ ಬರಬೇಕು. ಅದಕ್ಕೊಂದು ಅಚ್ಚು ಹಾಕಿದ ನಮೂನೆ ಇದೆ. ಠಾಣೆಯ ಹೆಚ್ಚಿನವರು ಅದನ್ನು ಚಹಾದಂಗಡಿಯಲ್ಲೇ ಮುಗಿಸುತ್ತಿದ್ದರು. ಅಭ್ಯರ್ಥಿಯೇ ಇಬ್ಬರು ನೆರೆಯವರನ್ನು ಕರೆದುಕೊಂಡು ಬರುತ್ತಿದ್ದ, ಅವರು ಮಿರ್ಚಿ ತಿಂದು, ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದರು. ಆಮೇಲೆ ಒಂದೇ ಸಾಲು: 'ಸದರಿಯವರು ಸನ್ನಡತೆಯುಳ್ಳವರಾಗಿದ್ದು, ಇವರ ವಿರುದ್ಧ ಯಾವುದೇ ಪ್ರಕರಣ ದಾಖಲಾಗಿರುವುದಿಲ್ಲ.' ಅಲ್ಲಿಗೆ ಆಯಿತು.

ಹುಲಕೋಟಿಯವರದು ಬೇರೆ ಪದ್ಧತಿ. ಹೊಸ ಪೇದೆಗಳಿಗೆ ಅವರು ಹೇಳುತ್ತಿದ್ದ ಮಾತು ನನಗೆ ಬಾಯಿಪಾಠ. "ತೋರಿಸಿದ ಮನಿಗೆ ಹೋಗಿ ಏನ್ ಮಾಡ್ತೀರೋ? ಅಲ್ಲಿ ಚಾ ಸಿಗತೈತಿ. ತೋರಿಸದ ಮನಿಗೆ ಹೋಗ್ರಿ, ಅಲ್ಲಿ ಮಾತು ಸಿಗತೈತಿ." ಅವರು ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ನನ್ನನ್ನು ಸಿಕ್ಕಿಸಿಕೊಂಡು ಓಣಿಗೆ ಹೋಗಿ, ಮೊದಲು ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಜೋಳದ ಡಬ್ಬಿ ಇಟ್ಟುಕೊಂಡು ಸರದಿ ಕಾಯುವ ಹೆಂಗಸರಿಗೆ ಗೊತ್ತಿಲ್ಲದ ಸುದ್ದಿ ಯಾವ ಓಣಿಯಲ್ಲೂ ಇರುವುದಿಲ್ಲ. ಹೆಚ್ಚಿನ ಹುಡುಗರು ಒಳ್ಳೆಯವರೇ ಇರುತ್ತಿದ್ದರು. ಒಬ್ಬನ ಬಗ್ಗೆ ಗಿರಣಿಯ ದ್ಯಾಮವ್ವ, "ಹಾಡ್ತಾನ್ರಿ. ಅದೊಂದ ತ್ರಾಸು, ಉಳಿದದ್ದು ಚಿನ್ನದಂಥಾ ಹುಡುಗ" ಎಂದಿದ್ದಳು. ಹುಲಕೋಟಿಯವರು ನಗುತ್ತ ಸನ್ನಡತೆಯ ಸಾಲು ಬರೆದರು. ವರ್ಷಗಟ್ಟಲೆ ಅದೇ ಸಾಲು ಅದೇ ಜಾಗದಲ್ಲಿ ಬಿದ್ದು ನನ್ನ ಮೈಮೇಲೆ ಒಂದು ತಗ್ಗೇ ಆಗಿತ್ತು.

ಅವರು ನಿವೃತ್ತರಾಗಲು ಎರಡು ವರ್ಷ ಇದ್ದಾಗ ಬಂದ ಕಟ್ಟಿನಲ್ಲಿ ಸಂಗಮೇಶ ಎಂಬುವನ ನಮೂನೆ ಇತ್ತು. ಓಟದಲ್ಲಿ ಜಿಲ್ಲೆಗೇ ಮುಂದು, ಒಳ್ಳೆಯ ಮೈಕಟ್ಟು. ಗಿರಣಿಯಲ್ಲಿ ಅವನ ಹೆಸರು ಹೇಳಿದ ಕೂಡಲೇ ಹೆಂಗಸರೆಲ್ಲ ಡಬ್ಬಿಯ ಮುಚ್ಚಳ ಸರಿಮಾಡತೊಡಗಿದರು. ದ್ಯಾಮವ್ವ ಮಾತ್ರ ಹಿಟ್ಟು ಜಾಡಿಸುತ್ತ, "ನಮ್ಮನ್ನ ಯಾಕ ಕೇಳ್ತೀರಿ? ಇಸ್ತ್ರಿ ಚನ್ನಪ್ಪನ್ನ ಕೇಳ್ರಿ" ಎಂದಳು.

ಚನ್ನಪ್ಪನ ಇಸ್ತ್ರಿ ಅಂಗಡಿ ಓಣಿಯ ಮೂಲೆಯಲ್ಲಿತ್ತು. ಹುಲಕೋಟಿಯವರು ಎಡಗಡೆ ನಿಂತು ಎರಡು ಸಲ ಕರೆದರು. ಅವನು ತಿರುಗಲಿಲ್ಲ. ಮುಂದೆ ಬಂದು ನಿಂತಾಗ ಬೆಚ್ಚಿಬಿದ್ದು ಇಸ್ತ್ರಿಪೆಟ್ಟಿಗೆ ಎತ್ತಿ ಬದಿಗಿಟ್ಟ.

"ಈ ಕಡೆ ಬಂದು ಮಾತಾಡ್ರಿ ಹವಾಲ್ದಾರ್ರ. ಆ ಕಿವಿ ಕೇಳಂಗಿಲ್ಲ."

ಹೇಗೆ ಹೋಯಿತು ಎಂದು ಕೇಳಿದರು. ಅವನು ಮುಂದಿದ್ದ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿದ. ಅಂಗಿಯ ಕಾಲರು ಮಡಿಸುತ್ತ ಕೊನೆಗೆ ಹೇಳಿದ. ಹೋದ ವರ್ಷ ಸಂಗಮೇಶನ ಅಂಗಿಯ ತೋಳು ಕೊಂಚ ಸುಟ್ಟಿತ್ತು. ಅದಕ್ಕೆ ಹೊಡೆದ. ಒಂದು ಏಟಲ್ಲ. ಬಿಡಿಸಲು ಬಂದವರನ್ನು ದೂಡಿ, ಇವನು ತಪ್ಪಾಯಿತೆಂದು ಕೈ ಮುಗಿದ ಮೇಲೂ ಹೊಡೆದ. ಠಾಣೆಯ ಬಾಗಿಲವರೆಗೆ ಹೋಗಿತ್ತು, ಒಳಗೆ ಹೋಗುವ ಮೊದಲೇ ಹಿರಿಯರು ನಡುವೆ ಬಂದು ರಾಜಿ ಮಾಡಿಸಿದರು. ಹಾಗಾಗಿ ಪುಸ್ತಕದಲ್ಲಿ ಏನೂ ಇರಲಿಲ್ಲ.

ಹುಲಕೋಟಿಯವರು ಅಲ್ಲೇ ಬೆಂಚಿನ ಮೇಲೆ ಕೂತು ಬರೆದರು. 'ಕೈ ಮುಗಿದವನನ್ನೂ ಬಿಡದೆ ಹೊಡೆದಿದ್ದಾನೆ. ಚನ್ನಪ್ಪನ ಎಡಗಿವಿ ಕೇಳುವುದಿಲ್ಲ. ಇವನ ಕೈಗೆ ಲಾಠಿ ಕೊಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.' ಮೂರೇ ಸಾಲು. ಪೆನ್ನು ನನ್ನ ಎದೆಗೆ ಇಳಿದದ್ದು ಈಗಲೂ ಗೊತ್ತಾಗುತ್ತದೆ. ನನಗೆ ಅಂದು ಸಂತೋಷವಾಗಿತ್ತು.

ಆ ಸಂತೋಷ ಸಂಜೆಯವರೆಗಷ್ಟೇ ಉಳಿಯಿತು. ಹುಲಕೋಟಿಯವರು ಮನೆಯ ಜಗಲಿಯಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ನಮೂನೆ ತುಂಬುತ್ತಿದ್ದಾಗ ಚನ್ನಪ್ಪ ಬಂದ. ಮೇಲೆ ಹತ್ತಲಿಲ್ಲ, ಮೆಟ್ಟಿಲ ಕೆಳಗೇ ನಿಂತ.

"ನನ್ನ ಹೆಸರು ಬರೀಬ್ಯಾಡ್ರಿ. ರಾಜಿ ಆಗೈತಿ."

"ರಾಜಿ ಆದ್ರ ಕಿವಿ ಬಂತೇನೋ?"

"ಬರಲಿಲ್ರಿ. ಆದ್ರ ನಾ ಇದ ಓಣ್ಯಾಗ ಬಾಳೇವು ಮಾಡಬೇಕಲ್ಲ. ಅವಂಗ ನೌಕರಿ ಹೋತಂದ್ರ ಅವರ ಮನಿಯವರು ನನ್ನ ಬಿಡತಾರನು? ನೌಕರಿ ಸಿಕ್ಕರ ಊರು ಬಿಟ್ಟು ಹೋಗ್ತಾನ. ಹೋಗಲಿ ಬಿಡ್ರಿ, ಎಲ್ಲ್ಯರ ಹೋಗಲಿ."

ಹುಲಕೋಟಿಯವರಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೆಸರು ಎಲ್ಲೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಅವನನ್ನು ಕಳಿಸಿದರು. ಹೆಸರು ಬಿಟ್ಟು ಬರೆದರೂ ಓಣಿಗೆ ಗೊತ್ತಾಗುತ್ತಿತ್ತು, ಒಂದೇ ಕಿವಿಯವನು ಅಲ್ಲಿ ಇದ್ದದ್ದು ಒಬ್ಬನೇ. ಮರುದಿನ ಬೆಳಗ್ಗೆ ಆ ನಮೂನೆಯನ್ನು ಕ್ಲಿಪ್ಪಿನಿಂದ ತೆಗೆದು ನಾಲ್ಕು ತುಂಡು ಮಾಡಿ ಒಲೆಗೆ ಹಾಕಿದರು. ಹೊಸ ನಮೂನೆ ಸಿಕ್ಕಿಸಿ ಸನ್ನಡತೆಯ ಸಾಲು ಬರೆದರು. ತರಬೇತಿಯಲ್ಲಿ ತಿದ್ದುತ್ತಾರೆ ಎಂದು ಹೆಂಡತಿಗೆ ಹೇಳಿದರು. ಆಕೆ ಪ್ರಶ್ನೆಯನ್ನೇ ಕೇಳಿರಲಿಲ್ಲ. ನಾನು ಆ ದಿನ ಅವರನ್ನು ಮನಸಾರೆ ಬೈದುಕೊಂಡೆ. ಪ್ಯಾಡು ಬೈದರೆ ಯಾರಿಗೆ ಕೇಳಬೇಕು?

ಅವರು ನಿವೃತ್ತರಾದ ಮೇಲೆ ನನ್ನದೂ ನಿವೃತ್ತಿಯೇ. ಕರೆಂಟು ಹೋದಾಗ ಬೀಸಣಿಗೆ, ಉಳಿದಂತೆ ನೀರಿನ ಕೊಡದ ಮುಚ್ಚಳ. ಒಂದು ಅಂಚು ಒದ್ದೆಯಾಗಿ ಉಬ್ಬಿತು, ಕ್ಲಿಪ್ಪಿಗೆ ತುಕ್ಕು ಬಂತು. ಹೀಗೆ ನಾಲ್ಕು ವರ್ಷ ಹೋದವು.

ಒಂದು ಮಧ್ಯಾಹ್ನ ಕಸ್ತೂರಿ ಎಂಬ ಹೆಣ್ಣುಮಗಳು ಮನೆ ಹುಡುಕಿಕೊಂಡು ಬಂದಳು. ಪಕ್ಕದ ತಾಲ್ಲೂಕಿನ ಅಂಗನವಾಡಿ ಶಿಕ್ಷಕಿ. ಕೊಟ್ಟ ನೀರು ಕುಡಿಯದೆ ಬದಿಗಿಟ್ಟು, ಚೀಲದಿಂದ ಒಂದು ಜೆರಾಕ್ಸ್ ಪ್ರತಿ ತೆಗೆದಳು. ಅವಳ ತಮ್ಮ ನಾಗೇಶ ಆಟೊ ಓಡಿಸುತ್ತಿದ್ದ. ನಿಲ್ಲಿಸುವ ಜಾಗದ ಬಗ್ಗೆ ಎದುರು ಮಾತಾಡಿದನೆಂದು ಅಲ್ಲಿಯ ಪೇದೆ ಅವನನ್ನು ಠಾಣೆಗೆ ಎಳೆದೊಯ್ದು ಹೊಡೆದಿದ್ದ. ಬಲಗಣ್ಣು ಹೋಯಿತು. ಪೇದೆಯ ಹೆಸರು ಸಂಗಮೇಶ.

"ಕೈ ಮುಗದ್ರೂ ಬಿಡಲಿಲ್ಲಂತ್ರಿ" ಎಂದಳು. "ವಿಚಾರಣಿ ನಡದೈತಿ. ಸಿಟ್ಟಿನ್ಯಾಗ ಒಮ್ಮೆ ತಪ್ಪಾಗೈತಿ, ಹಿಂದ ಇಂಥಾದ್ದು ಮಾಡಿದವಲ್ಲ ಅಂತ ಅವರ ವಕೀಲರು ಹೇಳಾಕ ಹತ್ಯಾರ. ಅದಕ್ಕ ಈ ಕಾಗದ ತೋರಸ್ತಾರ. ಮಾಹಿತಿ ಹಕ್ಕಿನ್ಯಾಗ ಅರ್ಜಿ ಹಾಕಿ ತಗೊಂಡೀನಿ. ಈ ಸಹಿ ನಿಮ್ದನ್ರಿ?"

"ನಂದ."

"ಓಣಿಗೆ ಹೋಗಿದ್ರ್ಯಾ, ಇಲ್ಲಾ ಕೂತಲ್ಲೇ ಬರದ್ರ್ಯಾ?"

ಹುಲಕೋಟಿಯವರು ಕಾಗದದ ಮೇಲಿನ ತಮ್ಮ ಸಹಿಯನ್ನೇ ನೋಡುತ್ತ ಕೂತರು. ಅವಳು ಕಾಗದ ಮಡಿಸಿ ಎದ್ದಳು. "ಬೇಲೀನ ಎದ್ದು ಹೊಲ ಮೇದ್ರ ಯಾರಿಗೆ ಹೇಳೂದಂತ ಎಲ್ಲಾರೂ ಅಂತಾರ್ರಿ. ಬೇಲಿ ಹಚ್ಚಿದವ್ರು ಯಾರಂತ ನಾ ಕೇಳಾಕ ಹತ್ತೀನಿ" ಎಂದು ಹೇಳಿ ಹೋದಳು. ನೀರಿನ ಲೋಟ ಅಲ್ಲೇ ಉಳಿಯಿತು.

ವಾರದೊಳಗೆ ಅವರಿಗೂ ಸಾಕ್ಷಿ ಹೇಳಲು ಕರೆ ಬಂತು. ಹಿಂದೆ ಅವರ ಮೇಲಿದ್ದ ಅಧಿಕಾರಿಯೊಬ್ಬರು ಫೋನ್ ಮಾಡಿದರು. ಓಣಿಗೆ ಹೋಗಲಿಲ್ಲ, ಕೆಲಸದ ಒತ್ತಡವಿತ್ತು, ಎಲ್ಲರ ಹಾಗೆ ಬರೆದುಕೊಟ್ಟೆ ಎಂದುಬಿಡಿ, ಒಂದು ಎಚ್ಚರಿಕೆಯ ಪತ್ರ ಬರುತ್ತದೆ ಅಷ್ಟೆ ಎಂದರಂತೆ. ಎಂಥ ಕಾಲ ನೋಡಿ. ಕೆಲಸವನ್ನೇ ಮಾಡಲಿಲ್ಲ ಎಂದರೆ ಸಣ್ಣ ತಪ್ಪು, ಮಾಡಿ ತಿಳಿದುಕೊಂಡು ಮುಚ್ಚಿಟ್ಟೆ ಎಂದರೆ ದೊಡ್ಡ ತಪ್ಪು. ಮೂವತ್ತೈದು ವರ್ಷ ತೋರಿಸದ ಮನೆಗೆ ಹೋದ ಮನುಷ್ಯ ಈಗ ಹೋಗಿರಲಿಲ್ಲ ಎಂದು ಹೇಳಿದರೆ ಪಾರು.

ವಿಚಾರಣೆಯ ಹಿಂದಿನ ದಿನ ಅವರು ಕೊಡದ ಮೇಲಿಂದ ನನ್ನನ್ನು ಎತ್ತಿ, ಒರೆಸಿ, ಕಾಗದಗಳನ್ನು ಸಿಕ್ಕಿಸಿ, ಸೈಕಲ್ಲಿಗೆ ಕಟ್ಟಿಕೊಂಡು ಚನ್ನಪ್ಪನ ಅಂಗಡಿಗೆ ಹೋದರು. ಬಲಗಡೆಯೇ ನಿಂತರು.

"ನಾಳೆ ಖರೇ ಹೇಳಾವ ಅದೀನಿ. ನಿನ್ನ ಹೆಸರು ಹೇಳೂದಿಲ್ಲ. ಅವತ್ತ ಮಾತು ಕೊಟ್ಟೀನಿ."

ಚನ್ನಪ್ಪ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತ ಕೂತ.

ವಿಚಾರಣೆ ನಡೆದದ್ದು ಒಂದು ಸರಕಾರಿ ಸಭಾಭವನದಲ್ಲಿ. ನಿವೃತ್ತ ನ್ಯಾಯಾಧೀಶರೊಬ್ಬರು ನಡೆಸುತ್ತಿದ್ದರು, ಜನ ಬಂದು ಕೂತು ಕೇಳಬಹುದಿತ್ತು. ಸಂಗಮೇಶ ಮೊದಲ ಸಾಲಿನಲ್ಲಿದ್ದ. ಅವನ ಅಂಗಿಯ ಇಸ್ತ್ರಿ ಬಹಳ ನೀಟಾಗಿತ್ತು. ನಾಗೇಶ ಕಪ್ಪು ಕನ್ನಡಕ ಹಾಕಿಕೊಂಡು ಅಕ್ಕನ ಪಕ್ಕ ಕೂತಿದ್ದ.

"ಪರಿಶೀಲನೆಗೆ ಓಣಿಗೆ ಹೋಗಿದ್ದಿರಾ?" ನ್ಯಾಯಾಧೀಶರು ಕೇಳಿದರು.

ಹುಲಕೋಟಿಯವರ ಹೆಬ್ಬೆರಳು ನನ್ನ ಕ್ಲಿಪ್ಪಿನ ಮೇಲಿತ್ತು. "ಹೋಗಿದ್ದೆರಿ" ಎಂದರು.

"ಅಲ್ಲಿ ಏನು ತಿಳಿಯಿತು?"

"ಅಂವ ಒಬ್ಬ ಮನಷ್ಯಾನ ಕಿವಿ ಹೋಗೂಹಂಗ ಹೊಡದಿದ್ದು ತಿಳೀತ್ರಿ. ಹಂಗಂತ ಬರದೆ. ಆಮ್ಯಾಲ ಹರದು ಹಾಕಿ ಈ ಸುಳ್ಳು ಬರದೆ. ಯಾರೂ ಬರಸಿಲ್ರಿ. ಕೈ ನಂದ."

ಸಭೆಯಲ್ಲಿ ಗುಸುಗುಸು ಎದ್ದಿತು. ವಕೀಲರು ಎದ್ದು, ಹರಿದ ಕಾಗದಕ್ಕೆ ಸಾಕ್ಷಿ ಏನು, ಹೊಡೆಸಿಕೊಂಡವನ ಹೆಸರೇನು ಎಂದು ಕೇಳಿದರು.

"ಹೆಸರು ಹೇಳೂದಿಲ್ರಿ. ಮಾತು ಕೊಟ್ಟೀನಿ."

"ಹಾಗಾದರೆ ಇದು ಕಟ್ಟುಕತೆ" ಎಂದರು ವಕೀಲರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಕಸ್ತೂರಿ ತಲೆ ತಗ್ಗಿಸಿದಳು. ಮಾತು ಉಳಿಸಿಕೊಳ್ಳಲು ಹೋಗಿ ಈ ಮನುಷ್ಯ ಎರಡನೇ ಸಲವೂ ಕೆಲಸ ಕೆಡಿಸಿದರು ಎಂದುಕೊಂಡೆ.

ಆಗ ಹಿಂದಿನ ಬಾಗಿಲ ಬಳಿಯಿಂದ ಒಬ್ಬ ಎದ್ದು ನಡೆದು ಬಂದ. ಬೆರಳ ತುದಿಗಳಲ್ಲಿ ಇಸ್ತ್ರಿಯ ಸುಟ್ಟ ಕಲೆ. ನ್ಯಾಯಾಧೀಶರು ನೀವು ಯಾರು ಎಂದು ಎರಡು ಸಲ ಕೇಳಿದರು. ಅವನು ಸಂಗಮೇಶನನ್ನು ನೋಡದೆ ಮುಂದೆ ಬಂದು, ಬಲಗಿವಿ ಅವರ ಕಡೆ ಮಾಡಿ ನಿಂತ.

"ಈ ಕಡಿಂದ ಕೇಳ್ರಿ ಸಾಹೇಬ್ರ. ಆ ಕಿವಿ ಇಂವಾ ಹೊಡದಾಗ ಹೋತು. ನಾ ಚನ್ನಪ್ಪ. ಊರು ಬಿಟ್ಟು ಹೋದ್ರ ಸಾಕಂದಿದ್ದೆ. ಆ ಊರಾಗೂ ಮಂದಿ ಇರತಾರನ್ನೂದು ನನಗ ಹೊಳೀಲಿಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ವಕೀಲರು ಕೂತರು. ಬಲಗಡೆ ಕಾಣದ ನಾಗೇಶ ಯಾರ ದನಿ ಅದು ಎಂದು ಅಕ್ಕನನ್ನು ಕೇಳಿದ.

ಹೇಳಿಕೆಯನ್ನು ಬರೆದುಕೊಡಿ ಎಂದು ಗುಮಾಸ್ತ ಹಾಳೆ ಕೊಟ್ಟ. ಮೇಜಿನ ತುಂಬ ಕಡತಗಳಿದ್ದವು. ಹುಲಕೋಟಿಯವರು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು, ನನ್ನನ್ನು ತೊಡೆಯ ಮೇಲಿಟ್ಟು ಬರೆದರು. 'ಕೈ ಮುಗಿದವನನ್ನೂ ಬಿಡದೆ ಹೊಡೆದಿದ್ದಾನೆ.' ಅವೇ ಮೂರು ಸಾಲು. ಕೈ ಸ್ವಲ್ಪ ಮುದಿಯಾಗಿತ್ತು, ಒತ್ತು ಮಾತ್ರ ಹಾಗೇ ಇತ್ತು. ಆರು ವರ್ಷದ ಹಿಂದಿನ ತಗ್ಗುಗಳು ಅಲ್ಲಲ್ಲಿ ಪೆನ್ನಿಗೆ ಸಿಕ್ಕವು. ನನಗೆ ಅಳು ಬಂತು. ಬಂದರೆ ಏನು ಮಾಡುವುದು, ಪ್ಯಾಡು ಒದ್ದೆಯಾದರೆ ಉಬ್ಬುತ್ತದೆ.

ಗುಮಾಸ್ತ ಅವಸರದವನು. ಹಾಳೆಯನ್ನು ನನ್ನ ಸಮೇತ ಕಡತದಲ್ಲಿಟ್ಟು ಕೆಂಪು ದಾರ ಬಿಗಿದ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುತ್ತಾರಲ್ಲ, ಹಾಗೆ ನಾನು ಕಬ್ಬಿಣದ ಬೀರುವಿಗೆ ಬಂದೆ. ಈಗ ನನಗೂ ಒಂದು ನಂಬರು ಇದೆ. ಸಂಗಮೇಶ ಅಮಾನತಿನಲ್ಲಿದ್ದಾನೆ, ಹುಲಕೋಟಿಯವರಿಗೆ ಇಲಾಖೆಯ ನೋಟಿಸು ಹೋಗಿದೆ, ವರದಿ ಇನ್ನೂ ಬಂದಿಲ್ಲ. ಇದೆಲ್ಲ ಬೀರುವಿನ ಹೊರಗಿನ ಮಾತಿನಿಂದ ತಿಳಿದದ್ದು. ಇಲ್ಲಿ ನನ್ನಂಥ ಇನ್ನೂ ಎಷ್ಟೋ ಕಟ್ಟುಗಳಿವೆ, ಕೆಲವು ನನಗಿಂತ ಹಳೆಯವು. ಅವುಗಳ ಮೇಲಿನ ಧೂಳು ನೋಡಿದಾಗ ನನಗೆ ಭಯವಾಗುತ್ತದೆ.

ಹೋದ ತಿಂಗಳು ಹೊರಗೆ ಪರಿಚಿತ ದನಿ ಕೇಳಿಸಿತು.

"ನನ್ನ ಮಗಳ ಪ್ಯಾಡ್ ಒಂದು ನಿಮ್ಮ ಫೈಲಿನ್ಯಾಗ ಉಳದೈತ್ರಿ. ಹಿಂದ ಅಕೀ ಹೆಸರೈತಿ, ಸುನಂದಾ ಅಂತ."

"ಫೈಲ್ ಮುಗಿಯೂತನಕ ಏನೂ ಹೊರಗ ಕೊಡಾಕ ಬರಂಗಿಲ್ರಿ ಅಜ್ಜಾರ" ಎಂದ ಗುಮಾಸ್ತ.

"ಹಂಗಾದ್ರ ಪ್ಯಾಡ್ ಇರಲಿ ಬಿಡ್ರಿ" ಎಂದರು ಹುಲಕೋಟಿಯವರು. "ಫೈಲ್ ಮುಗಸ್ರಿ."

ಅಂದಿನಿಂದ ಅವರು ಪ್ರತಿ ಸೋಮವಾರ ಬರುತ್ತಾರೆ. ಜೊತೆಗೆ ಇನ್ನೆರಡು ಹೆಜ್ಜೆಯ ಸದ್ದೂ ಕೇಳಿಸುತ್ತದೆ, ಒಂದು ಕಸ್ತೂರಿಯದು, ಇನ್ನೊಂದು ಚನ್ನಪ್ಪನದು. ಪ್ಯಾಡಿನ ಮಾತು ಯಾರೂ ಎತ್ತುವುದಿಲ್ಲ. ಫೈಲ್ ಎಲ್ಲಿಗೆ ಬಂತು ಎಂದು ಕೇಳುತ್ತಾರೆ, ಉತ್ತರ ಬರುವವರೆಗೆ ಬೆಂಚಿನ ಮೇಲೆ ಕೂರುತ್ತಾರೆ. ನಾನು ಒಳಗೆ ಕೂತು ಹಾಳೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೇನೆ.