ಇಲ್ಲದ ಮೊಟ್ಟೆ

ಕಳ್ಳಿ ಅನ್ನಿಸಿಕೊಂಡು ಹೆತ್ತ ಮಗಳ ಮನೆಯಲ್ಲಿ ಕೂತಿರುವುದಕ್ಕಿಂತ ಬೀದಿ ಗುಡಿಸುವುದು ವಾಸಿ. ಇದನ್ನು ಅವಳ ಮುಖಕ್ಕೇ ಹೇಳಿದೆ. ಅವಳು ಫ್ರಿಜ್ಜಿಗೆ ಬೀಗ ಹಾಕುತ್ತಿದ್ದಳು. ಹೌದು, ಬೀಗ. ನನ್ನ ಮಗಳು ಬಸ್ಸು ಓಡಿಸುವವಳು. ಬಸ್ಸಿನ ಕೀ ಇರುವ ಗೊಂಚಲಿಗೇ ಫ್ರಿಜ್ಜಿನ ಕೀಯನ್ನೂ ಸೇರಿಸಿ ಜೇಬಿಗಿಳಿಸಿ, "ಕೈ ಮುಗೀತೀನಿ ಅಮ್ಮ, ಅವಳಿಗೇನೂ ಕೊಡ್ಬೇಡ" ಅಂದಳು.

ಅವಳೆಂದರೆ ನನ್ನ ಮೊಮ್ಮಗಳು. ಹುಟ್ಟಿದಾಗ ದುಂಡಗಿದ್ದಳೆಂದು ಗುಂಡಮ್ಮ ಅಂತ ಕರೆದೆವು, ಅದೇ ಅಂಟಿಕೊಂಡಿತು. ಹಾಲು, ಮೊಟ್ಟೆ, ಮಾಂಸ, ಬೇಳೆಯಲ್ಲಿರುವ ಪ್ರೋಟೀನನ್ನು ನಮ್ಮ ನಿಮ್ಮ ಹೊಟ್ಟೆ ಚೂರು ಚೂರು ಮಾಡುತ್ತದೆ. ಆ ಚೂರುಗಳಿಂದಲೇ ಮೈ ತನ್ನ ಮಾಂಸ ಕಟ್ಟಿಕೊಳ್ಳುತ್ತದೆ, ಮಿಕ್ಕಿದ್ದನ್ನು ಇನ್ನಷ್ಟು ಒಡೆದು ಕರಗಿಸುತ್ತದೆ. ಗುಂಡಮ್ಮನ ಮೈಗೆ ಅದರಲ್ಲಿ ಒಂದು ಬಗೆಯ ಚೂರನ್ನು ಒಡೆಯಲು ಬರುವುದಿಲ್ಲ. ಅದು ರಕ್ತದಲ್ಲಿ ಹೆಚ್ಚುತ್ತಾ ಹೋದರೆ ಮಗುವಿನ ಬುದ್ಧಿಯೇ ಮಂಕಾಗುತ್ತದೆ. ಹುಟ್ಟಿದ ಕೂಡಲೇ ಹಿಮ್ಮಡಿ ಚುಚ್ಚಿ ಪರೀಕ್ಷೆ ಮಾಡಿದ್ದರಿಂದ ಇದು ತಿಳಿಯಿತು. ಅಂದಿನಿಂದ ತೂಗಿಟ್ಟ ಹಣ್ಣು ತರಕಾರಿ, ಬರೀ ಪಿಷ್ಟದಿಂದ ಮಾಡಿದ ಬ್ರೆಡ್ಡು, ಆಸ್ಪತ್ರೆಯವರು ಕೊಡುವ ನಾತದ ಪುಡಿ ಕಲಸಿದ ನೀರು, ಇಷ್ಟೇ ಅವಳ ಊಟ. ಇದೆಲ್ಲ ಗೊತ್ತಿಲ್ಲದ ಹೆಡ್ಡಿ ನಾನಲ್ಲ.

ಈಚೆಗೆ ಒಮ್ಮೆ ಜ್ವರ ಬಂದು ಬಿಟ್ಟ ಮೇಲೆ ರಕ್ತ ನೋಡಿದರೆ, ಆ ಹಾಳು ಚೂರು ಏರಿತ್ತು. ಮಗಳು ಹೆದರಿದಳು. ಬ್ರೆಡ್ಡು ಅರ್ಧ ಮಾಡಿದಳು, ಆಲೂಗಡ್ಡೆ ನಿಲ್ಲಿಸಿದಳು, ಯಾವುದನ್ನೂ ನಂಬುವ ಹಾಗಿಲ್ಲವೆಂದು ಎಣ್ಣೆ ಸಕ್ಕರೆಗೂ ಕತ್ತರಿ ಹಾಕಿದಳು. ಮುಂದಿನ ಪರೀಕ್ಷೆಯಲ್ಲಿ ಇನ್ನೂ ಏರಿತ್ತು. ಆಗ ಗುಂಡಮ್ಮನನ್ನು ಮಡಿಲಲ್ಲಿ ಕೂರಿಸಿಕೊಂಡು ಕೇಳಿದಳು.

"ಅಜ್ಜಿ ಏನಾದ್ರೂ ಕೊಟ್ಳಾ ಕಂದ?"

"ಮೊಟ್ಟೆ ಕೊಟ್ಳು. ಎರಡು. ನನ್ನ ತಲೆಗೆ ಕುಟ್ಟಿ ಒಡೆದ್ಳು. ಒಳಗೆ ಹಳದಿ ಇತ್ತಲ್ಲ, ಅದು ತುಂಬಾ ಚೆನ್ನಾಗಿತ್ತು."

ನನ್ನ ಕರ್ಮ. ಅದು ನಮ್ಮಿಬ್ಬರ ಆಟ. ತಟ್ಟೆ ಖಾಲಿಯಾದ ಮೇಲೆ ನಾನು ಇಲ್ಲದ ಮೊಟ್ಟೆಯನ್ನು ಅವಳ ನೆತ್ತಿಗೆ ಕುಟ್ಟಿ, ಸಿಪ್ಪೆ ಸುಲಿದು, ಉಪ್ಪು ಉದುರಿಸಿ ಬಾಯಿಗಿಡುತ್ತಿದ್ದೆ. ಅವಳು ಕಣ್ಣು ಮುಚ್ಚಿ ಅಗಿಯುತ್ತಿದ್ದಳು, ಬೆರಳು ನೆಕ್ಕುತ್ತಿದ್ದಳು, "ಇನ್ನೊಂದು ಅಜ್ಜಿ" ಅನ್ನುತ್ತಿದ್ದಳು. ನನ್ನ ಗಂಟೇನು ಹೋಗುತ್ತೆ ಅಂತ ನಾನೂ ಧಾರಾಳವಾಗಿ ಕೊಡುತ್ತಿದ್ದೆ.

"ಅದು ಆಟ ಕಣೇ" ಅಂದೆ.

"ರಕ್ತ ಸುಳ್ಳು ಹೇಳುತ್ತಾ ಅಮ್ಮ? ಭಾನುವಾರ ನಿನ್ನನ್ನ ಅಣ್ಣನ ಮನೆಗೆ ಬಿಟ್ಟು ಬರ್ತೀನಿ. ಬಟ್ಟೆ ಜೋಡಿಸ್ಕೋ."

ಮೈಯೆಲ್ಲ ಉರಿದುಹೋಯಿತು. ಅಳಿಯ ಹಡಗಿನ ಕೆಲಸಕ್ಕೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಇವಳು ಬೆಳಕು ಹರಿಯುವ ಮುಂಚೆ ಡಿಪೋಗೆ ಓಡುತ್ತಾಳೆ. ಮೂಗು ಹಿಡಿದು, ಕತೆ ಹೇಳಿ, ಆ ನಾತದ ನೀರನ್ನು ಕುಡಿಸುವವಳು ನಾನು. ಅದೇ ಕೈ ಮಗುವಿಗೆ ವಿಷ ಹಾಕಿತಂತೆ. ಅವತ್ತು ಅವಳ ಯೂನಿಫಾರ್ಮಿಗೆ ನಾನು ಇಸ್ತ್ರಿ ಹಾಕಲಿಲ್ಲ. ಮುದುಡಿದ ಅಂಗಿಯಲ್ಲೇ ಊರು ಸುತ್ತಲಿ ಅಂತ ಬಿಟ್ಟೆ.

ಬೀಗ ಬಿದ್ದ ಮೇಲೂ ರಕ್ತದ ಲೆಕ್ಕ ಇಳಿಯಲಿಲ್ಲ. ಶನಿವಾರ ಆಸ್ಪತ್ರೆಯಿಂದ ಬರಹೇಳಿದರು. ನಾನೂ ಚಪ್ಪಲಿ ಮೆಟ್ಟಿದೆ.

"ನೀನ್ಯಾಕೆ?" ಅಂದಳು.

"ಕಳ್ಳಿ ಇಲ್ದೆ ವಿಚಾರಣೆ ಹೇಗೆ ನಡೆಯುತ್ತೆ?" ಅಂದೆ.

ಅಲ್ಲಿ ಊಟದ ಪಥ್ಯ ಬರೆದುಕೊಡುವ ಡಾಕ್ಟರಮ್ಮ ಗುಂಡಮ್ಮನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಹುಬ್ಬು ಗಂಟಿಕ್ಕಿ, ಇಳಿಸಿ, ಮತ್ತೆ ನಿಲ್ಲಿಸಿದಳು. ದಿನಕ್ಕೆ ಏನೇನು ತಿನ್ನುತ್ತಾಳೆ ಅಂತ ಕೇಳಿದಳು. ಮಗಳು ಏನೇನು ನಿಲ್ಲಿಸಿದ್ದೇನೆಂದು ಒಪ್ಪಿಸಿ, "ನಮ್ಮಮ್ಮ ಕದ್ದು ಮೊಟ್ಟೆ ಕೊಡ್ತಿದ್ರು, ಬೀಗ ಹಾಕಿದೀನಿ" ಅಂದಳು.

"ಮೊಟ್ಟೆ ತಿನ್ನೋ ಮಗು ಹೀಗೆ ಸೊರಗಲ್ಲಮ್ಮ. ಮೊದಲು ಏರಿದ್ದು ಜ್ವರದಿಂದ. ಆಮೇಲೆ ನೀವು ಊಟ ಕಡಿಮೆ ಮಾಡಿದ್ರಿ. ಮೈಗೆ ಉರಿಸೋಕೆ ಪಿಷ್ಟ, ಎಣ್ಣೆ ಸಾಲದೆ ಹೋದ್ರೆ ಅದು ಸುಮ್ನೆ ಕೂರಲ್ಲ, ಕಟ್ಟಿಟ್ಟಿರೋ ಮಾಂಸಾನೇ ಒಡೆಯುತ್ತೆ. ಆ ಮಾಂಸದಲ್ಲೂ ಇರೋದು ಅದೇ ಚೂರು. ಅದೇ ರಕ್ತಕ್ಕೆ ಬರ್ತಾ ಇದೆ" ಅಂದಳು ಡಾಕ್ಟರಮ್ಮ. ಮತ್ತೆ ಮಗಳ ಕಡೆ ತಿರುಗಿ ಅವಳೇ ಮುಂದುವರಿಸಿದಳು. "ಈ ಮಗು ತನ್ನ ಮೈನೇ ತಿಂತಾ ಇದೆ. ಬ್ರೆಡ್ಡು, ಎಣ್ಣೆ, ಸಕ್ಕರೆ ಮೊದಲಿನಷ್ಟೇ ಕೊಡಿ. ಹೊಟ್ಟೆ ತುಂಬಬೇಕು."

ಅಂತೂ ನಾನು ಕಳ್ಳಿಯಲ್ಲ ಅಂತಾಯಿತು. ದಾರಿಯುದ್ದಕ್ಕೂ ಬೈಗುಳ ಕೂಡಿಸಿಟ್ಟುಕೊಂಡೆ. ಇವಳ ಜನ್ಮ ಜಾಲಾಡಿಬಿಡಬೇಕು, ಕಾಲಿಗೆ ಬಿದ್ದರೂ ಮಗನ ಮನೆಗೇ ಹೋಗಬೇಕು ಅಂತಿದ್ದೆ. ಮನೆಗೆ ಬಂದ ಮೇಲೆ ಅವಳು ಬಸ್ಸಿನ ಕೀಯನ್ನೇ ಫ್ರಿಜ್ಜಿನ ಬೀಗಕ್ಕೆ ಮತ್ತೆ ಮತ್ತೆ ತುರುಕುತ್ತಿದ್ದಳು.

"ಇತ್ಲಾಗ್ ಕೊಡು" ಅಂತ ಕೀ ಕಿತ್ತುಕೊಂಡೆ.

ಪಿಷ್ಟದ ಬ್ರೆಡ್ಡನ್ನು ಎಣ್ಣೆಯಲ್ಲಿ ಕರಿದು, ಸಕ್ಕರೆ ಉದುರಿಸಿ ಗುಂಡಮ್ಮನ ಮುಂದಿಟ್ಟೆ. ಅವಳು ತಲೆ ಎತ್ತದೆ ತಿಂದಳು. ಮತ್ತೆ ಹಾಕಿದೆ, ಅದನ್ನೂ ತಿಂದಳು. ತಟ್ಟೆ ಖಾಲಿಯಾಯಿತು. ರೂಢಿಯಂತೆ ನಾನು ಮುಷ್ಟಿ ಮಾಡಿ, ಮೊಟ್ಟೆ ಒಡೆಯಲು ಅವಳ ನೆತ್ತಿಯ ಬಳಿ ಕೈ ತಂದೆ.

"ಬೇಡ ಅಜ್ಜಿ" ಅಂದಳು. "ಇವತ್ತು ಹೊಟ್ಟೆ ತುಂಬಿದೆ."

ಮಗಳು ಬಾಗಿಲಲ್ಲೇ ನಿಂತಿದ್ದಳು, ಅವಳಿಗೂ ಕೇಳಿಸಿತು. ನಾಲಿಗೆಯ ತುದಿಯಲ್ಲಿದ್ದ ಬೈಗುಳವನ್ನು ಈಗ ಯಾರಿಗೆ ಕೊಡಲಿ? ಬೀಗ ಹಾಕಿದವಳು ಅವಳು. ಹಸಿದ ಮಗುವಿಗೆ ದಿನಾ ಗಾಳಿ ಉಣಿಸಿ ನಕ್ಕವಳು ನಾನು.

"ಏನು ನೋಡ್ತಾ ನಿಂತಿದೀಯ? ನಾಳೆಗೆ ಪಿಷ್ಟ ಸಾಲಲ್ಲ, ಹೋಗಿ ತಗೊಂಡ್ಬಾ" ಅಂತ ಗದರಿದೆ. ಅವಳು ಚೀಲ ತೆಗೆದುಕೊಂಡು ಹೋದಳು. ಮುಷ್ಟಿ ಬಿಚ್ಚಿ ಮಗುವಿನ ತಲೆಯ ಮೇಲೆ ಕೈಯಿಟ್ಟುಕೊಂಡು, ಮಗಳು ಬರುವ ತನಕ ಹಾಗೇ ಕೂತಿದ್ದೆ.