ಅಡವಿಯಪ್ಪನ ಸರ್ಪಸುತ್ತು

ಅಮೃತೂರಿನ ಸುತ್ತ ಯಾರಿಗೆ ಸರ್ಪಸುತ್ತು ಎದ್ದರೂ ಅಡವಿಯಪ್ಪನ ಜಗಲಿಗೇ ಬರುತ್ತಿದ್ದರು. ಮೈಸುತ್ತಿದ ಹಾವಿನ ತಲೆ ಬಾಲ ಕೂಡಿ ಪ್ರಾಣ ಹೋಗದ ಹಾಗೆ, ಗುಳ್ಳೆಗಳ ಸಾಲಿಗೆ ಎದುರಾಗಿ ಕೆಮ್ಮಣ್ಣಿನಲ್ಲಿ ಸಿಂಹ ಬರೆಯುವುದು ಅವನಿಗೆ ಅಪ್ಪನಿಂದ ಬಂದ ವಿದ್ಯೆ. ಅಂಥವನಿಗೇ ಸೋಮವಾರ ಪಕ್ಕೆಯಿಂದ ಬೆನ್ನಿನವರೆಗೆ ನೀರುಗುಳ್ಳೆ ಎದ್ದವು.

ಬೆನ್ನಿಗೆ ಕೈ ಎಟುಕಲಿಲ್ಲ. ಹೆಂಡತಿ ಸಿದ್ದಗಂಗಮ್ಮ ಬರೆದಳು. ಕನ್ನಡಿಯಲ್ಲಿ ನೋಡಿದರೆ ಮೇಕೆ.

"ಇದ್ಕೆ ಹಾವು ಹೆದರ್ತದೇನೇ?"

"ಹಂಗಾರೆ ಡಾಕ್ಟ್ರತ್ರ ಹೋಗು."

"ನಾನೇ ಹೋದ್ರೆ ಈ ಜಗಲಿ ಯಾರೇ ಹತ್ತಾರು?"

ಉರಿ ತಡೆಯದೆ ಬುಧವಾರ ಹೊರಟ. ಕುಣಿಗಲ್ಲಿನಲ್ಲಿ ಗುರುತಿನವರು ಸಿಗುತ್ತಾರೆಂದು ತುಮಕೂರಿನ ಮರಳೂರಿಗೇ ಹೋದ. ಕ್ಲಿನಿಕ್ಕಿನ ಬೆಂಚಿನ ಮೇಲೆ ಚಿಕ್ಕಮಾರಮ್ಮ ಕೂತಿದ್ದಳು. ಭಾನುವಾರ ತಾನೇ ಅವಳ ಸೊಂಟಕ್ಕೆ ಸಿಂಹ ಬರೆದಿದ್ದ.

"ಬಿಪಿ ತೋರ್ಸಕ್ಕೆ ಬಂದೆ ಕಣಕ್ಕಯ್ಯ."

"ನಾನೂ ಬಿಪಿಗೇ ಕಣಣ್ಣ."

ಡಾಕ್ಟರ್ ದೀಪಿಕಾ ಚೀಟಿಗಳನ್ನು ನೋಡಿ ಕೂಗಿದರು: "ಸರ್ಪಸುತ್ತಿನವರು ಇಬ್ಬರೂ ಬನ್ನಿ."

ಒಳಗೆ ಅವನ ಅಂಗಿ ಎತ್ತಿಸಿ ಕೇಳಿದರು: "ಚಿಕ್ಕವರಿದ್ದಾಗ ಅಮ್ಮ, ಅಂದ್ರೆ ಚಿಕನ್‌ಪಾಕ್ಸ್, ಆಗಿತ್ತಾ, ಅಜ್ಜ?"

"ಆಗಿತ್ತು ತಾಯಿ. ಬೇವಿನಸೊಪ್ಪಲ್ಲಿ ಮಲಗ್ಸಿದ್ರು."

"ಆ ವೈರಸ್ ಹೋಗಿರಲಿಲ್ಲ. ನರದ ಬುಡದಲ್ಲಿ ಅಡಗಿತ್ತು. ಮೈಶಕ್ತಿ ಕುಗ್ಗಿದ್ದು ನೋಡಿ, ಅದೇ ನರ ಹಿಡಿದು ಹೊರಗೆ ಬಂದಿದೆ."

"ಅರವತ್ ವರ್ಷ ಬಾಡ್ಗೆ ಇಲ್ದಂಗೆ ಇತ್ತಾ!... ತಲೆ ಬಾಲ ಕೂಡಿದ್ರೆ?"

"ನರ ಒಂದೇ ಮಗ್ಗುಲಲ್ಲಿ ಓಡೋದು. ಎಲ್ಲಿ ಕೂಡುತ್ತೆ? ಆದ್ರೆ ಮೂರು ದಿನದೊಳಗೆ ಮಾತ್ರೆ ಶುರುವಾಗ್ಬೇಕು. ತಡವಾದ್ರೆ ಗುಳ್ಳೆ ಹೋದ್ರೂ ನೋವು ತಿಂಗಳುಗಟ್ಲೆ ಉಳಿದುಬಿಡಬಹುದು." ಬೆನ್ನನ್ನು ಮತ್ತೆ ನೋಡಿದರು. "ನಿಮ್ಮ ಕಡೆಯಿಂದ ಬರೋರೆಲ್ಲ ಒಳ್ಳೇ ಸಿಂಹ ಬರೆಸ್ಕೊಂಡು ಬರ್ತಾರೆ. ನಿಮಗೊಬ್ರಿಗೆ ಯಾಕೆ ಮೇಕೆ?"

ಚಿಕ್ಕಮಾರಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ಊರಿಗೆ ಮರಳುವ ಬಸ್ಸು ಗೂಳೂರು ದಾಟಿತು. ಅಡವಿಯಪ್ಪ ಚಿಕ್ಕಮಾರಮ್ಮನನ್ನು ಕೇಳಿದ: "ಎಲ್ಲಾರೂ ಇಲ್ಗೇ ಬತ್ತಾರಾ?"

"ಬಂದ್ರೇನು? ಊರಲ್ಲಿ ವಾಸಿಯಾಗಿದ್ದು ನಿನ್ ಕೈಗುಣದಿಂದ ಅಂತ್ಲೇ ಹೇಳೋದು, ಬುಡಣ್ಣ."

ಶನಿವಾರ ಕದರಯ್ಯ ಎದೆ ಹಿಡಿದುಕೊಂಡು ಜಗಲಿಗೆ ಬಂದ. ಗುಳ್ಳೆ ಎದ್ದು ಎರಡು ದಿನವಾಗಿತ್ತು. ಅಡವಿಯಪ್ಪ ಕೆಮ್ಮಣ್ಣು ಕಲೆಸಿ, ಗುಳ್ಳೆಗೆ ತಾಗದಂತೆ, ಮೀಸೆ ಸಮೇತ ಸಿಂಹ ಬರೆದ.

"ಇನ್ನೊಂದು ನೇಮ ಐತೆ. ಇವತ್ತೇ ಮರಳೂರಿನ ಡಾಕ್ಟ್ರಮ್ಮಂಗೆ ಇದನ್ನ ತೋರ್ಸಿ, ಆಯಮ್ಮ ಕೊಟ್ಟ ಮಾತ್ರೆ ನುಂಗ್ಬೇಕು. ಇಲ್ದಿದ್ರೆ ಸಿಂಹ ಹಿಡಿಯಕಿಲ್ಲ."

"ನಿಮ್ಮಪ್ಪನ ಕಾಲ್ದಲ್ಲಿ ಈ ನೇಮ ಇರ್ಲಿಲ್ವಲ್ಲಣ್ಣ?"

"ಆಗ ಬಸ್ಸಿರ್ಲಿಲ್ಲ ಕಣಯ್ಯ. ಏಳು, ಹೊರಡು."